ಉರಿಯುವ ಪಾದ, ಅರಿಯದ ಪಾದ

ಕಲಬುರಗಿಯಲ್ಲಿ ಅಂಗಾಲು ಉರಿಯುತ್ತದೆ ಎಂದರೆ ಯಾರೂ ಗಾಬರಿಯಾಗುವುದಿಲ್ಲ. ಮೇ ತಿಂಗಳಲ್ಲಿ ಬಿಸಿಲು 43 ಡಿಗ್ರಿ ಮುಟ್ಟುವ ಊರು ಇದು. ಮನೆಯ ನೆಲಕ್ಕೆ ಶಹಾಬಾದ್ ಕಲ್ಲು, ಅಂಗಳಕ್ಕೆ ಅದೇ ಕಲ್ಲು, ಗುಡಿಯ ಪ್ರಾಂಗಣಕ್ಕೂ ಅದೇ. ಮಧ್ಯಾಹ್ನ ಒಂದು ಗಂಟೆಗೆ ಅಂಗಳ ದಾಟಿ ನಲ್ಲಿಯವರೆಗೆ ಹೋಗಿಬಂದರೆ ಆರೋಗ್ಯವಂತರ ಅಂಗಾಲೂ ಚುರುಗುಟ್ಟುತ್ತದೆ. ಹಾಗಾಗಿ ನಾನು ಉರಿ ಎಂದಾಗಲೆಲ್ಲ ಮನೆಯ ಹಿರಿಯರು ಉಷ್ಣವಾಗಿದೆ ಎಂದರು, ಮಜ್ಜಿಗೆ ಕುಡಿಸಿದರು, ತುಪ್ಪ ಸವರಿ ಕಂಚಿನ ಬಟ್ಟಲಿನಿಂದ ಅಂಗಾಲು ತಿಕ್ಕಿದರು. ತಿಕ್ಕುವಷ್ಟು ಹೊತ್ತು ಹಿತವಾಗಿರುತ್ತಿತ್ತು.

ಆದರೆ ಈ ಉರಿ ಶ್ರಾವಣದ ಮಳೆಗೂ ತಣಿಯಲಿಲ್ಲ, ಸಂಕ್ರಾಂತಿಯ ಚಳಿಗೂ ತಣಿಯಲಿಲ್ಲ. ಹಗಲು ತರಗತಿಯಲ್ಲಿ ನಿಂತು ಪಾಠ ಮಾಡುವಾಗ ಸುಮ್ಮನಿದ್ದು, ರಾತ್ರಿ ದೀಪ ಆರಿಸಿದ ಮೇಲೆ ಏಳುತ್ತಿತ್ತು. ಮೊದಲು ಬೆರಳ ತುದಿಯಲ್ಲಿ ಜುಮುಜುಮು, ಆಮೇಲೆ ಅಂಗಾಲಿನ ತುಂಬ ಕೆಂಡ, ನಡುನಡುವೆ ಯಾರೋ ಸೂಜಿ ಚುಚ್ಚಿ ತೆಗೆದಂತೆ ಒಂದು ಚಳಕು. ತೆಳು ಹೊದಿಕೆಯ ಅಂಚು ಹೆಬ್ಬೆರಳಿಗೆ ತಾಗಿದರೂ ಸಹಿಸಲಾಗುತ್ತಿರಲಿಲ್ಲ. ನಡುರಾತ್ರಿ ಎದ್ದು ತಣ್ಣನೆಯ ಕಲ್ಲಿನ ಮೇಲೆ ಪಾದ ಊರಿ ಕುಳಿತುಕೊಳ್ಳುವುದು ಅಭ್ಯಾಸವಾಯಿತು. ಹೊರಗಿನಿಂದ ನೋಡಿದರೆ ಪಾದದಲ್ಲಿ ಏನೂ ಇಲ್ಲ. ಬಾವು ಇಲ್ಲ, ಗಾಯ ಇಲ್ಲ, ಕೆಂಪೂ ಆಗಿಲ್ಲ. ಕಾಣದ ನೋವನ್ನು ಮನೆಯವರಿಗೆ ದಿನವೂ ವಿವರಿಸುವುದು ನೋವಿಗಿಂತ ದಣಿಸುವ ಕೆಲಸ.

ನನಗೆ ಸಕ್ಕರೆ ಕಾಯಿಲೆ ಇದೆ. ಅದರಿಂದ ಪಾದದ ನರಗಳು ಹಾಳಾಗಿ ಬಂದ ಉರಿ ಇದು. ಸಕ್ಕರೆ ಕಾಯಿಲೆ ಬಹಳ ವರ್ಷ ಇದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ನರದ ತೊಂದರೆ ಒಂದಲ್ಲ ಒಂದು ಮಟ್ಟದಲ್ಲಿ ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ದೇಶವ್ಯಾಪಿ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾದಾಗ ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ ಎಂದು ತಿಳಿಯಿತು. ಹಾಗಾದರೆ ರಾತ್ರಿ ಎದ್ದು ಕುಳಿತುಕೊಳ್ಳುವವರು ನಮ್ಮ ಓಣಿ ಓಣಿಯಲ್ಲೂ ಇರಲೇಬೇಕು. ಈ ಬರಹ ಮೊದಲು ಅವರಿಗಾಗಿ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹಾಗಾಗಿ ಇದು ಕಾಲಿನಲ್ಲೇ ಏಕೆ ಶುರುವಾಗುತ್ತದೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ದೇಹದಲ್ಲಿ ಅತಿ ಉದ್ದದ ನರತಂತುಗಳು ಬೆನ್ನಿನ ಕೆಳಭಾಗದಿಂದ ಕಾಲ್ಬೆರಳಿನ ತುದಿಯವರೆಗೆ ಇಳಿಯುತ್ತವೆ, ಹತ್ತಿರ ಹತ್ತಿರ ಒಂದು ಮೀಟರ್. ತಂತುವನ್ನು ಬದುಕಿಸಿಡುವ ಜೀವಕೋಶ ಇರುವುದು ಬೆನ್ನುಹುರಿಯ ಪಕ್ಕದಲ್ಲಿ. ಅಲ್ಲಿಂದ ಆಹಾರ, ದುರಸ್ತಿಯ ಸಾಮಾನು ಎಲ್ಲವೂ ತುದಿಯವರೆಗೆ ಸಾಗಬೇಕು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಈ ಸಾಗಾಣಿಕೆಯೂ ಕೆಡುತ್ತದೆ, ನರಕ್ಕೆ ರಕ್ತ ಕೊಡುವ ಸೂಕ್ಷ್ಮ ನಾಳಗಳೂ ಕೆಡುತ್ತವೆ. ನಾರಾಯಣಪುರದ ಕಾಲುವೆಗೆ ನೀರು ಕಡಿಮೆ ಬಿಟ್ಟ ವರ್ಷ ಮೊದಲು ಒಣಗುವುದು ಕಾಲುವೆಯ ಕೊನೆಯ ಹೊಲ, ಇಲ್ಲಿಯೂ ಅಷ್ಟೇ. ಎರಡೂ ಪಾದಗಳಲ್ಲಿ ಒಟ್ಟಿಗೆ ಶುರುವಾಗಿ, ಕಾಲುಚೀಲ ಹಾಕಿಕೊಂಡಷ್ಟು ಎತ್ತರಕ್ಕೆ ಏರುತ್ತದೆ. ಮೊಣಕಾಲು ಸಮೀಪಿಸುವ ಹೊತ್ತಿಗೆ ಕೈಬೆರಳ ತುದಿಗಳಲ್ಲೂ ಜೋಮು ಕಾಣಿಸಿಕೊಳ್ಳುತ್ತದೆ.

ಉರಿಯ ಬಗ್ಗೆ ಓದುವಾಗ ಸಿಕ್ಕ ಒಂದು ಸಂಗತಿಯನ್ನು ಹತ್ತನೇ ತರಗತಿಯ ಮಕ್ಕಳಿಗೂ ಹೇಳಿದ್ದೇನೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನಮ್ಮ ನರತುದಿಯ ಯಾವ ಬಾಗಿಲನ್ನು ತಟ್ಟುತ್ತದೆ ಎಂಬುದನ್ನು ಡೇವಿಡ್ ಜೂಲಿಯಸ್ 1997ರಲ್ಲಿ ಕಂಡುಹಿಡಿದರು. 2021ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಅದೇ ಬಾಗಿಲು ಬಿಸಿಗೂ ತೆರೆದುಕೊಳ್ಳುತ್ತದೆ. ಚರ್ಮ ಸುಮಾರು 43 ಡಿಗ್ರಿಗಿಂತ ಹೆಚ್ಚು ಕಾದಾಗ ಅದು ತೆರೆದು ಮೆದುಳಿಗೆ ಬೆಂಕಿಯ ಸುದ್ದಿ ಕಳಿಸುತ್ತದೆ. ಖಾರ ತಿಂದಾಗ ಬಾಯಿ ಸುಟ್ಟಂತೆ ಅನ್ನಿಸುವುದು ಅದಕ್ಕೇ. ನರ ಹಾಳಾದಾಗ ಖಾರವೂ ಇಲ್ಲದೆ, ಬಿಸಿಯೂ ಇಲ್ಲದೆ ತಂತುಗಳು ತಮ್ಮಷ್ಟಕ್ಕೆ ತಾವೇ ಅಂಥ ಸುದ್ದಿ ಕಳಿಸತೊಡಗುತ್ತವೆ. ಹಾಗಾಗಿ ನನ್ನ ಪಾದದ ಉರಿ ಭ್ರಮೆಯಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ಇದನ್ನು ತಿಳಿದ ದಿನ ನನಗೆ ಎಷ್ಟು ನೆಮ್ಮದಿಯಾಯಿತು ಎಂದರೆ, ನೋವು ಹಾಗೆಯೇ ಇದ್ದರೂ ಆ ರಾತ್ರಿ ನಿದ್ದೆ ಬಂತು.

ಇನ್ನು ಚಿಕಿತ್ಸೆಯ ಮಾತು.

ನಮ್ಮ ಕಡೆ ಕಾಯಿಲೆ ಸ್ವಲ್ಪ ಹಟ ಹಿಡಿದರೆ ಜನ ಸೊಲ್ಲಾಪುರದ ಅಥವಾ ಹೈದರಾಬಾದಿನ ರೈಲು ಹತ್ತುತ್ತಾರೆ. ನಾನೂ ಊರಿನ ದವಾಖಾನೆಗಳನ್ನು ಸುತ್ತಿ, ಆಮೇಲೆ ರೈಲು ಹತ್ತಿದೆ. ಎಲ್ಲ ಕಡೆಯೂ ಸಕ್ಕರೆಯ ಚೀಟಿ ನೋಡಿದರು, ರಕ್ತದೊತ್ತಡ ನೋಡಿದರು, ನರದ ಮಾತ್ರೆ ಬರೆದರು. ಮಾತ್ರೆಯ ಹೆಸರು ಬೇರೆ ಬೇರೆ, ಒಳಗಿರುವುದು ಬಹುತೇಕ ಒಂದೇ: ನರದ ನೋವು ಇಳಿಸುವ ಪ್ರಿಗ್ಯಾಬಲಿನ್ ಮತ್ತು ಬಿ12 ಜೀವಸತ್ವದ ಒಂದು ರೂಪವಾದ ಮಿಥೈಲ್‌ಕೋಬಾಲಮಿನ್. ಯಾರೂ ಬೇಜವಾಬ್ದಾರಿಯಿಂದ ನಡೆದುಕೊಂಡರು ಎನ್ನಲಾರೆ. ಬಾಗಿಲಾಚೆ ಬೆಂಚುಗಳು ತುಂಬಿ ಜನ ನಿಂತಿರುತ್ತಿದ್ದರು. ಆದರೆ ಪಾದದ ಕಾಯಿಲೆಗೆಂದು ಹೋದವಳಿಗೆ ಚಪ್ಪಲಿ ತೆಗೆಯಿರಿ ಎಂದು ಹೇಳಿದವರು ಬಹುಕಾಲ ಯಾರೂ ಸಿಗಲಿಲ್ಲ.

ಸಿಕ್ಕವರು ಕಡೆಗೆ ನಮ್ಮ ಊರಿನಲ್ಲೇ ಸಿಕ್ಕರು. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರಾದ ವೈದ್ಯೆ. ಹೋದ ಕೂಡಲೇ ಮಂಚದ ಮೇಲೆ ಕಾಲು ಚಾಚಿ ಮಲಗಿಸಿದರು, ತಾವು ಕುರ್ಚಿ ಎಳೆದುಕೊಂಡು ನನ್ನ ಪಾದದ ಹತ್ತಿರ ಕುಳಿತರು. ಬೆರಳು ಬೆರಳಿನ ನಡುವೆ ಬಿಡಿಸಿ ನೋಡಿದರು. ಹಿಮ್ಮಡಿಯ ಬಿರುಕನ್ನು ಒತ್ತಿದರು. ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದರು. ಆಮೇಲೆ ಪೆನ್ನಿನಂಥ ಹಿಡಿಕೆಯ ತುದಿಗೆ ಸಿಕ್ಕಿಸಿದ ಒಂದು ನೈಲಾನ್ ಎಳೆ ತೆಗೆದು ಮೊದಲು ನನ್ನ ಕೈಗೆ ಮುಟ್ಟಿಸಿ ತೋರಿಸಿದರು. ಚರ್ಮಕ್ಕೆ ಒತ್ತಿದಾಗ ಸರಿಯಾಗಿ 10 ಗ್ರಾಂ ಭಾರಕ್ಕೆ ಬಾಗುವಂತೆ ಮಾಡಿದ ಎಳೆ ಅದು.

“ಕಣ್ಣು ಮುಚ್ಚಿಕೊಳ್ಳಿ ಟೀಚರ್. ಮುಟ್ಟಿದ್ದು ಗೊತ್ತಾದಾಗಲೆಲ್ಲ ಹೂಂ ಎನ್ನಿ.”

ಹೂಂ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೂಂ ಎಂದೆ. ಆಮೇಲೆ ಕಾದೆ. ಪಂಖದ ಸದ್ದು ಕೇಳುತ್ತಿತ್ತು. ಅವರು ಇನ್ನೂ ಎಳೆಯನ್ನು ಸಿದ್ಧಪಡಿಸಿಕೊಳ್ಳುತ್ತಿರಬೇಕು ಎಂದುಕೊಂಡೆ. “ಈಗ ಕಣ್ಣು ತೆರೆದು ನೋಡಿ” ಎಂದರು. ಎಳೆ ನನ್ನ ಬಲಗಾಲಿನ ಹೆಬ್ಬೆರಳಿನ ಬುಡದ ದಪ್ಪ ಚರ್ಮವನ್ನು ಒತ್ತಿ ಬಿಲ್ಲಿನ ಹಾಗೆ ಬಾಗಿ ನಿಂತಿತ್ತು. ಕಣ್ಣಿಗೆ ಕಾಣುತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ರಾತ್ರಿಯಿಡೀ ಉರಿಯುವ ಜಾಗವೇ ಮುಟ್ಟಿದರೆ ಅರಿಯದ ಜಾಗವೂ ಆಗಿರಬಹುದು ಎಂದು ನನಗೆ ಅಂದು ಅರ್ಥವಾಯಿತು. ಅವರು 128 ಹರ್ಟ್ಜ್‌ನ ಶ್ರುತಿಕವೆಯನ್ನು ಬಡಿದು ಹೆಬ್ಬೆರಳಿನ ಮೂಳೆಗೆ ತಾಗಿಸಿದರು. ನಮ್ಮ ಪ್ರಯೋಗಾಲಯದಲ್ಲಿ ಧ್ವನಿಯ ಪಾಠಕ್ಕೆ ವರ್ಷ ವರ್ಷ ಬಡಿಯುವ ಸಾಧನದ ಅಣ್ಣನೇ ಅದು, ಇನ್ನೂ ಮಂದ್ರದ್ದು. ಕಂಪನ ಎಡಗಾಲಿಗೆ ಮಸುಕಾಗಿ ತಿಳಿಯಿತು, ಬಲಗಾಲಿಗೆ ತಿಳಿಯಲಿಲ್ಲ. ಈ ಪರೀಕ್ಷೆಗಳಿಗೆ ಕೆಲವೇ ನಿಮಿಷ ಹಿಡಿಯಿತು. ದೊಡ್ಡ ಯಂತ್ರ ಬೇಡ, ಸ್ಕ್ಯಾನ್ ಬೇಡ.

ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲಿದೆ. ನಮ್ಮನ್ನು ದವಾಖಾನೆಗೆ ಕರೆದೊಯ್ಯುವುದು ನೋವು. ಕಾಲನ್ನು ಕಿತ್ತುಕೊಳ್ಳುವುದು ನೋವಿಲ್ಲದಿರುವಿಕೆ. ನೋವಿಗೆ ಮಾತ್ರೆ ಇದೆ. ಅರಿವು ಹೋದ ಚರ್ಮಕ್ಕೆ ಮಾತ್ರೆ ಇಲ್ಲ. ಅದನ್ನು ದಿನವೂ ಕಾಯಬೇಕು. ಈ ಎರಡು ಚಿಕಿತ್ಸೆಗಳನ್ನು ಒಂದೇ ಎಂದುಕೊಂಡಾಗ, ಉರಿ ಕಡಿಮೆಯಾದ ದಿನ ಕಾಯಿಲೆ ವಾಸಿಯಾಯಿತು ಎಂದುಕೊಳ್ಳುತ್ತೇವೆ. ಉರಿ ತಾನಾಗಿ ಇಳಿದಿದ್ದರೆ ತಂತುಗಳು ಪೂರ್ತಿ ಸತ್ತು ಸುಮ್ಮನಾಗಿರುವುದೂ ಉಂಟು. ಅಲ್ಲದೆ ಈ ತೊಂದರೆ ಇರುವವರಲ್ಲಿ ಬಹಳ ಮಂದಿಗೆ ಉರಿ, ಜೋಮು ಯಾವುದೂ ಬರುವುದೇ ಇಲ್ಲ. ಅವರಿಗೆ ದವಾಖಾನೆಗೆ ಹೋಗಲು ಕಾರಣವೇ ಇರುವುದಿಲ್ಲ.

ಮಾತ್ರೆಗಳ ವಿಷಯದಲ್ಲಿ ನೇರವಾಗಿ ಹೇಳಬೇಕು, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಬ್ರಿಟನ್ನಿನ 13 ಕೇಂದ್ರಗಳಲ್ಲಿ 130 ರೋಗಿಗಳ ಮೇಲೆ ನಡೆದ ಒಂದು ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು. ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಪ್ರಿಗ್ಯಾಬಲಿನ್ ಮೂರನ್ನೂ ಅದರಲ್ಲಿ ಎದುರುಬದುರು ಇಟ್ಟು ನೋಡಿದರು. ಒಂದರಿಂದ ಸಾಲದಿದ್ದರೆ ಇನ್ನೊಂದನ್ನು ಸೇರಿಸಿದರು. ಯಾವುದರಿಂದ ಶುರುಮಾಡಿದರೂ ಕೊನೆಯಲ್ಲಿ ಹೆಚ್ಚು ವ್ಯತ್ಯಾಸ ಬರಲಿಲ್ಲ. ಹತ್ತರ ಅಳತೆಯಲ್ಲಿ ಸರಾಸರಿ 6.6 ಇದ್ದ ನೋವು 3.3ಕ್ಕೆ ಇಳಿಯಿತು. ಅಂದರೆ ಅರ್ಧ. ಸೊನ್ನೆಯಲ್ಲ. ನೋವು ಅರ್ಧವಾದರೆ ರಾತ್ರಿ ನಿದ್ದೆ ಬರುತ್ತದೆ, ಮರುದಿನ ಕೆಲಸ ಮಾಡಲಾಗುತ್ತದೆ. ಅದು ಸಣ್ಣ ಲಾಭವಲ್ಲ. ಪೂರ್ತಿ ಗುಣ ಎಂದು ಮಾತು ಕೊಟ್ಟು ದುಬಾರಿ ಪುಡಿ, ಎಣ್ಣೆ, ಕಾಲು ನಡುಗಿಸುವ ಯಂತ್ರ ಮಾರುವವರ ಬಳಿ ಹೋಗುವ ಮುನ್ನ ಈ ಅರ್ಧದ ಲೆಕ್ಕ ಎಲ್ಲರಿಗೂ ಗೊತ್ತಿರಲಿ.

ಮೂರಕ್ಕೂ ಅವುಗಳದೇ ಕಾಟವಿದೆ. ಪ್ರಿಗ್ಯಾಬಲಿನ್‌ನಿಂದ ತಲೆ ಸುತ್ತು, ಮಂಪರು, ಕಾಲು ಬಾವು, ತೂಕ ಏರಿಕೆ ಬರಬಹುದು. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ಇಳಿಸಬೇಕು. ಅಮಿಟ್ರಿಪ್ಟಿಲಿನ್ ಬಾಯಿ ಒಣಗಿಸುತ್ತದೆ. ಹೃದಯದ ತೊಂದರೆ, ಮೂತ್ರ ಕಟ್ಟುವ ತೊಂದರೆ ಇರುವ ವಯಸ್ಸಾದವರಿಗೆ ಹೊಂದುವುದಿಲ್ಲ. ಡುಲಾಕ್ಸೆಟಿನ್ ಮೊದಮೊದಲು ಹೊಟ್ಟೆ ತೊಳೆಸುತ್ತದೆ. ನನ್ನ ವೈದ್ಯೆ ಕಡಿಮೆ ಪ್ರಮಾಣದಿಂದ, ರಾತ್ರಿಯ ಹೊತ್ತಿಗೆ ಶುರುಮಾಡಿ ನಿಧಾನವಾಗಿ ಏರಿಸಿದರು. ತಲೆ ಸುತ್ತು ಬಂದರೆ ತಾವಾಗಿಯೇ ನಿಲ್ಲಿಸಬೇಡಿ, ಬಂದು ಹೇಳಿ ಎಂದರು. ಮೆಣಸಿನ ಅದೇ ಕ್ಯಾಪ್ಸೈಸಿನ್ ಹಾಕಿದ ಮುಲಾಮೂ ಉಂಟು. ಆ ಬಾಗಿಲನ್ನು ತಟ್ಟಿ ತಟ್ಟಿ ನರತುದಿಯನ್ನೇ ದಣಿಸುವುದು ಅದರ ಕೆಲಸ. ಹಚ್ಚಿದ ಮೊದಲ ದಿನಗಳಲ್ಲಿ ಉರಿ ಇನ್ನೂ ಹೆಚ್ಚುತ್ತದೆ. ಬಿರುಕು ಬಿಟ್ಟ ಚರ್ಮಕ್ಕಂತೂ ಹಚ್ಚಲೇಬಾರದು.

ಇನ್ನೊಂದು ಸಂಗತಿ ಬಹಳ ಜನರ ಕಣ್ಣು ತಪ್ಪುತ್ತದೆ. ಸಕ್ಕರೆ ಇಳಿಸಲು ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಹಲವು ವರ್ಷ ತಿಂದವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು. ಆ ಕೊರತೆಯಿಂದಲೂ ಕಾಲು ಥೇಟ್ ಹೀಗೆಯೇ ಜುಮುಗುಡುತ್ತದೆ. ಮಾಂಸಾಹಾರ ಮುಟ್ಟದ ನಮ್ಮಂಥ ಮನೆಗಳಲ್ಲಿ ಇದು ಇನ್ನೂ ಹೆಚ್ಚು. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ಬಿ12 ಕೊಡುವುದು ನಿಜವಾದ ಚಿಕಿತ್ಸೆ. ಕೊರತೆ ಇಲ್ಲದವರಿಗೆ ವರ್ಷಗಟ್ಟಲೆ ಕೆಂಪು ಮಾತ್ರೆ ನುಂಗಿಸುವುದರಿಂದ ದೊಡ್ಡ ಪ್ರಯೋಜನವಿಲ್ಲ ಎಂಬುದು ನನ್ನ ತಿಳಿವಳಿಕೆ. ಸಕ್ಕರೆಯ ಹತೋಟಿ ಮುಖ್ಯವಲ್ಲವೇ ಎಂದರೆ, ಮುಖ್ಯವೇ. ಒಂದನೇ ಬಗೆಯ ಮಧುಮೇಹಿಗಳಲ್ಲಿ ಬಿಗಿ ಹತೋಟಿಯಿಂದ ನರದ ತೊಂದರೆ ಸುಮಾರು 60 ಶೇಕಡಾ ಕಡಿಮೆಯಾಯಿತು ಎಂದು 1993ರಲ್ಲೇ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿತು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಎರಡನೇ ಬಗೆಯಲ್ಲಿ ಲಾಭ ಅಷ್ಟು ದೊಡ್ಡದಲ್ಲ. ಮತ್ತೆ, ಜೋಳದ ರೊಟ್ಟಿ ತಿಂದರೆ ಸಕ್ಕರೆ ಏರುವುದಿಲ್ಲ ಎಂಬ ನಮ್ಮ ಕಡೆಯ ನಂಬಿಕೆಯೂ ಪೂರ್ತಿ ಸರಿಯಲ್ಲ. ಜೋಳವೂ ಪಿಷ್ಟವೇ, ನಾಲ್ಕು ರೊಟ್ಟಿಗೆ ನಾಲ್ಕು ರೊಟ್ಟಿಯ ಲೆಕ್ಕ ಬೀಳುತ್ತದೆ.

ಅರಿಯದ ಪಾದದ ವಿದ್ಯೆ ಶುರುವಾದದ್ದು ಸಕ್ಕರೆ ಕಾಯಿಲೆಯಿಂದಲ್ಲ, ಕುಷ್ಠರೋಗದಿಂದ. ಅದೂ ನಮ್ಮ ದಕ್ಷಿಣ ಭಾರತದಲ್ಲೇ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು ಕುಷ್ಠರೋಗಿಗಳ ಬೆರಳುಗಳು ಕಾಯಿಲೆಯಿಂದ ತಾವಾಗಿಯೇ ಉದುರುವುದಿಲ್ಲ ಎಂದು ತೋರಿಸಿದರು. ನೋವು ತಿಳಿಯದ್ದರಿಂದ ಸುಟ್ಟು, ಸವೆದು, ಗಾಯವಾಗಿ, ಆ ಗಾಯದ ಮೇಲೆಯೇ ನಡೆದು ನಡೆದು ಪಾದ ಹಾಳಾಗುತ್ತದೆ ಎಂಬುದನ್ನು ರೋಗಿಗಳ ದಿನಚರಿಯನ್ನೇ ಬೆನ್ನುಹತ್ತಿ ಕಂಡುಕೊಂಡರು. ಒತ್ತಡವನ್ನು ಹಂಚುವ ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲಾರ್, ಅಂದರೆ ಸೂಕ್ಷ್ಮ ರಂಧ್ರಗಳ) ರಬ್ಬರಿನ ಚಪ್ಪಲಿ ಆ ಕೆಲಸದಿಂದಲೇ ಬಂತು. ಹುಣ್ಣಾದ ಪಾದದ ಭಾರ ಇಳಿಸಲು ಮೊಣಕಾಲಿನ ಕೆಳಗಿನವರೆಗೆ ಹಾಕುವ ಪ್ಲಾಸ್ಟರನ್ನು ಮುಂದೆ ಅಮೆರಿಕಕ್ಕೆ ಒಯ್ದವರೂ ಅವರೇ. ಇಂದು ಜಗತ್ತಿನಾದ್ಯಂತ ಮಧುಮೇಹಿಗಳ ಪಾದದ ಹುಣ್ಣಿಗೆ ಅದು ಅತ್ಯುತ್ತಮ ಚಿಕಿತ್ಸೆಗಳಲ್ಲಿ ಒಂದು. ಕುಷ್ಠದವರ ಚಪ್ಪಲಿ ಎಂದು ಎಂಸಿಆರ್ ಚಪ್ಪಲಿ ಹಾಕಿಕೊಳ್ಳಲು ನಾಚುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಸಮಾಜ ಊರಾಚೆ ಇಟ್ಟ ಜನರ ಪಾದಗಳಿಂದ ಕಲಿತ ವಿದ್ಯೆ ಇಂದು ನಮ್ಮ ಪಾದಗಳನ್ನು ಉಳಿಸುತ್ತಿದೆ. ಅದಕ್ಕೆ ಋಣಿಯಾಗಿರಬೇಕಾದವರು ನಾವು.

ನಮ್ಮ ಕಾಕಾ ಅಫಜಲಪುರ ತಾಲೂಕಿನ ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾರೆ. ಎರೆಮಣ್ಣಿನ ಹೊಲ, ತೊಗರಿ ಬೆಳೆ. ಅವರಿಗೂ ಸಕ್ಕರೆ ಇದೆ; ಉರಿ ಇಲ್ಲ, ಜೋಮು ಇಲ್ಲ, ಹೀಗಾಗಿ ಕಾಲಿನ ಚಿಂತೆಯೂ ಇರಲಿಲ್ಲ. ತೊಗರಿ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಕೂಳೆಯನ್ನು ಕಂಡವರಿಗೆ ಗೊತ್ತು. ಓರೆಯಾಗಿ ಕತ್ತರಿಸಿದ ಗಟ್ಟಿ ಕಡ್ಡಿ, ಒಣಗಿದಷ್ಟೂ ಚೂಪು. ಒಂದು ಸಂಜೆ ಕಾಕಾ ಹೊಲದಿಂದ ಬಂದು ಚಪ್ಪಲಿ ಬಿಟ್ಟು, ಪಡಸಾಲೆ ದಾಟಿ ಒಳಗೆ ಹೋಗಿ ಚಹಾ ಕೇಳಿದರು. ಹಿಂದೆಯೇ ಬಂದ ಕಾಕು ಕಂಡದ್ದು ಕಲ್ಲಿನ ಮೇಲೆ ಹೆಜ್ಜೆಗೊಂದು ಕೆಂಪು ಗುರುತು. “ಏನ್ರೀ, ಕಾಲಿಗೆ ಏನಾಗಿದೆ ನೋಡಿಕೊಳ್ಳಿ” ಎಂದು ಅವರು ಕೂಗಿದಾಗಲೂ ಕಾಕಾ, ಏನೂ ಆಗಿಲ್ಲವಲ್ಲ ಎಂದರಂತೆ. ಹವಾಯಿ ಚಪ್ಪಲಿಯನ್ನು ತೂರಿ ಬಂದ ಕೂಳೆಯ ತುಂಡು ಎರಡನೇ ಬೆರಳಿನ ಬುಡದಲ್ಲಿ ಮುರಿದುಕೊಂಡು ಕುಳಿತಿತ್ತು.

ಅರಿಶಿನ, ಎಣ್ಣೆ, ಬಟ್ಟೆಯ ಪಟ್ಟಿ. ನೋವಿಲ್ಲದ್ದರಿಂದ ಮರುದಿನದಿಂದಲೇ ನಡಿಗೆ. ಕೀವು ಒಳಗೊಳಗೇ ಮೂಳೆಗೆ ಇಳಿಯಿತು. ದವಾಖಾನೆ ಸೇರಿದಾಗ ಬೆರಳನ್ನು ತೆಗೆಯಬೇಕಾಯಿತು, ಪಾದ ಉಳಿಯಿತು. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡ ನೂರು ಮಂದಿಯಲ್ಲಿ 80ಕ್ಕೂ ಹೆಚ್ಚು ಮಂದಿಗೆ ಮೊದಲು ಬಂದದ್ದು ಇಂಥ ಒಂದು ಹುಣ್ಣು. ಆ ಹುಣ್ಣನ್ನು ಮೊದಲ ದಿನವೇ ಕಂಡು, ಅದರ ಮೇಲೆ ಭಾರ ಬೀಳದಂತೆ ನೋಡಿಕೊಂಡರೆ ಬಹುಪಾಲು ಕಾಲುಗಳು ಉಳಿಯುತ್ತವೆ ಎಂದು ಕಾಕಾನ ಪಟ್ಟಿ ಬದಲಿಸುತ್ತಿದ್ದ ವೈದ್ಯರು ಹೇಳಿದರು. ಅವರ ಮಾತು ನನಗೆ ಕೋಪ ತರಿಸಿತು, ಅವರ ಮೇಲಲ್ಲ. ಅಷ್ಟು ವರ್ಷ ಸಕ್ಕರೆಯ ಮಾತ್ರೆ ತಿಂದ ಮನುಷ್ಯನ ಪಾದಕ್ಕೆ ಒಂದು ನೈಲಾನ್ ಎಳೆ ತಾಗಲಿಲ್ಲವಲ್ಲ ಎಂದು.

ನಾನು ಈಗ ಪಾಲಿಸುವ ಕ್ರಮ ಸರಳ. ರಾತ್ರಿ ಮಲಗುವ ಮುನ್ನ ಅಂಗಾಲನ್ನು ನೋಡಿಕೊಳ್ಳುತ್ತೇನೆ. ಕಾಣದ ಜಾಗಕ್ಕೆ ನೆಲದ ಮೇಲೆ ಕನ್ನಡಿ ಇಡುತ್ತೇನೆ. ಬೆವರಿನ ನರಗಳೂ ಕೆಡುವುದರಿಂದ ಚರ್ಮ ಒಣಗಿ ಬಿರಿಯುತ್ತದೆ, ಅದಕ್ಕೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್. ಬೆರಳ ಸಂದಿಗೆ ಮಾತ್ರ ಹಚ್ಚುವುದಿಲ್ಲ, ಅಲ್ಲಿ ತೇವ ನಿಂತರೆ ಬೂಷ್ಟು ಹಿಡಿಯುತ್ತದೆ. ಬಿಸಿನೀರಿನಲ್ಲಿ ಉಪ್ಪು ಹಾಕಿ ಕಾಲು ಅದ್ದುವುದನ್ನು ಬಿಟ್ಟಿದ್ದೇನೆ. ಸ್ನಾನದ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡುತ್ತೇನೆ. ಆಣಿಗೆ ಬ್ಲೇಡು ತಾಗಿಸುವುದಿಲ್ಲ, ಅಂಗಡಿಯಲ್ಲಿ ಸಿಗುವ ಆಣಿಪಟ್ಟಿಯನ್ನೂ ಅಂಟಿಸುವುದಿಲ್ಲ. ಅದರಲ್ಲಿರುವ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ. ಚಪ್ಪಲಿಗೆ ಹಿಂದೆ ಪಟ್ಟಿ ಇರಲೇಬೇಕು. ನಡೆಯುವಾಗ ಹವಾಯಿ ಚಪ್ಪಲಿ ಕಾಲಿನಿಂದ ಜಾರಿಹೋದದ್ದು ತಿಳಿಯದೆ ಮುಂದೆ ಹೋಗುವವರನ್ನು ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ ನೋಡಿದ್ದೇನೆ. ಅಂಥವರನ್ನು ನಿಲ್ಲಿಸಿ, ಸಕ್ಕರೆ ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳುತ್ತೇನೆ. ಹೊಸ ಪಾದರಕ್ಷೆಯನ್ನು ಸಂಜೆ ಕೊಳ್ಳಬೇಕು. ಆ ಹೊತ್ತಿಗೆ ಪಾದ ಸ್ವಲ್ಪ ಉಬ್ಬಿರುತ್ತದೆ. ಹಾಕಿಕೊಳ್ಳುವ ಮುನ್ನ ಕೈ ಹಾಕಿ ಒಳಗೆ ಹರಳಿದೆಯೇ ನೋಡಬೇಕು.

ಕಷ್ಟವಾದದ್ದು ಬರಿಗಾಲು ಬಿಡುವುದು. ಶರಣಬಸವೇಶ್ವರರ ಗುಡಿಗಾಗಲಿ, ಖ್ವಾಜಾ ಬಂದೇನವಾಜರ ದರ್ಗಾಕ್ಕಾಗಲಿ ಚಪ್ಪಲಿ ಹಾಕಿಕೊಂಡು ಹೋಗುವುದು ಉಂಟೇ? ಗಾಣಗಾಪುರಕ್ಕೆ ಬರಿಗಾಲಿನಲ್ಲಿ ನಡೆದು ಹೋಗುವ ಹರಕೆ ಹೊತ್ತವರು ನಮ್ಮ ಮನೆಯಲ್ಲೇ ಇದ್ದಾರೆ. ಭಕ್ತಿಯನ್ನು ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಮೇ ತಿಂಗಳ ಮಧ್ಯಾಹ್ನ ಕಾದ ಕಲ್ಲಿನ ಮೇಲೆ ಅರಿಯದ ಪಾದ ನಿಂತರೆ ಚರ್ಮ ಬೇಯುತ್ತದೆ. ಹಿಂದೆ ಸರಿಯಬೇಕೆಂದು ಕಾಲು ಹೇಳುವುದಿಲ್ಲ, ಗುಳ್ಳೆ ಎದ್ದದ್ದು ಮನೆಗೆ ಬಂದ ಮೇಲೆ ತಿಳಿಯುತ್ತದೆ. ನಾನು ಬೆಳಗಿನ ಜಾವ ಹೋಗುತ್ತೇನೆ, ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳುತ್ತೇನೆ. ಬೇಸಿಗೆಯಲ್ಲಿ ಪ್ರದಕ್ಷಿಣೆಯ ದಾರಿಗೆ ನಾರಿನ ಚಾಪೆ ಹಾಸಿ ನೀರು ಚಿಮುಕಿಸುವ ವ್ಯವಸ್ಥೆ ಪ್ರತಿಯೊಂದು ಗುಡಿ, ದರ್ಗಾದಲ್ಲೂ ಆಗಬೇಕು.

ಇನ್ನೊಂದು ಆಗಬೇಕು. ಸಾಂಕ್ರಾಮಿಕವಲ್ಲದ ಕಾಯಿಲೆಗಳ ಚಿಕಿತ್ಸಾಲಯಗಳು ಈಗ ತಾಲೂಕು ಮಟ್ಟದಲ್ಲೂ ಇವೆ. ಅಲ್ಲಿ ಸಕ್ಕರೆಯ ಮಾತ್ರೆ ಒಯ್ಯಲು ಬರುವ ಪ್ರತಿಯೊಬ್ಬರ ಪಾದವನ್ನೂ ವರ್ಷಕ್ಕೆ ಒಮ್ಮೆಯಾದರೂ ಬಿಚ್ಚಿ, ಮುಟ್ಟಿ, ನೈಲಾನ್ ಎಳೆಯಿಂದ ಪರೀಕ್ಷಿಸುವುದು ಕಡ್ಡಾಯವಾಗಬೇಕು. ವೈದ್ಯರಿಗೆ ಬಿಡುವಿಲ್ಲದಿದ್ದರೆ ಶುಶ್ರೂಷಕಿಯರಿಗೆ ಕಲಿಸಬಹುದು, ಆಶಾ ಕಾರ್ಯಕರ್ತೆಯರಿಗೆ ಕಲಿಸಬಹುದು. ನಮ್ಮ ಶಾಲೆಯ ಪಾಲಕರ ಸಭೆಯಲ್ಲಿ ಈ ಪರೀಕ್ಷೆಯ ಬಗ್ಗೆ ಮಾತಾಡಿದೆ. ಸಭೆ ಮುಗಿದ ಮೇಲೆ ಒಬ್ಬ ತಾಯಿ ಉಳಿದುಕೊಂಡು, ಚಪ್ಪಲಿ ಬಿಟ್ಟು, ತನ್ನ ಹಿಮ್ಮಡಿ ತೋರಿಸಿದರು. ಬಿರುಕಿನೊಳಗೆ ಒಂದು ಜಾಲಿ ಮುಳ್ಳು ಕಪ್ಪಗೆ ಕೂತಿತ್ತು. ಆಕೆಯನ್ನು ಅದೇ ವೈದ್ಯೆಯ ಹತ್ತಿರ ಕಳಿಸಿದೆ.

ಕಾಕಾನಿಗೆ ಎಂಸಿಆರ್ ಅಟ್ಟೆಯ, ಕೆಳಗೆ ಗಟ್ಟಿ ತಳವಿರುವ, ಹಿಂದೆ ಪಟ್ಟಿ ಇರುವ ಪಾದರಕ್ಷೆ ಮಾಡಿಸಿದ್ದೇವೆ. ತೆಗೆದ ಬೆರಳಿನ ಜಾಗಕ್ಕೆ ಪಕ್ಕದ ಬೆರಳು ವಾಲದಂತೆ ಒಳಗೆ ಒಂದು ಮೆತ್ತೆ ಇದೆ. ಅಟ್ಟೆ ಒತ್ತಿ ತೆಳುವಾದಾಗ ಬದಲಿಸಬೇಕು. ಅದನ್ನು ಕಾಕು ಹೆಬ್ಬೆರಳಿನಿಂದ ಒತ್ತಿ ನೋಡಿ ಹೇಳುತ್ತಾರೆ. ಈ ಸಲ ತೊಗರಿ ರಾಶಿಗೆ ಹೊಲಕ್ಕೆ ಹೋಗಿಯೇ ತೀರುತ್ತೇನೆ ಎಂದು ಕಾಕಾ ಹಟ ಹಿಡಿದಿದ್ದಾರೆ. ಕೂಳೆಯ ಸಾಲಿಗೆ ಇಳಿಯದೆ ಬದುವಿನ ಮೇಲೆ ಕುಳಿತು ಆಳುಗಳ ಮೇಲೆ ನಿಗಾ ಇಡಿ ಎಂದು ನಾನು ಹೇಳಿದ್ದೇನೆ. ಬದುವಿನ ಮೇಲೆ ಕುಳಿತರೆ ಅದೆಂಥ ಒಕ್ಕಲುತನ ಎಂದು ಅವರು ಕೇಳುತ್ತಾರೆ. ಮಾತು ಇನ್ನೂ ಮುಗಿದಿಲ್ಲ.